ಬೆಳಿಗ್ಗೆ ಗುಳಿಗೆ, ಸಂಜೆ ಕಷಾಯ

ಮಾನ್ಯ ಓದುಗರಲ್ಲಿ ಸವಿನಯ ವಿನಂತಿ. ಅಂಕಣ ಬರೆಯುವುದು ನನಗೆ ಇದೇ ಮೊದಲು. ಅಕ್ಷರ ದುಂಡಾಗಿಲ್ಲ, ಒತ್ತಕ್ಷರಗಳಲ್ಲಿ ಎಡವುತ್ತೇನೆ, ಕ್ಷಮೆಯಿರಲಿ. ತಮ್ಮ ಗಮನಕ್ಕೆ ತರಬಯಸುವ ವಿಷಯವೇನೆಂದರೆ, ನನ್ನ ತಂಗಿಯ ಬೆರಳುಗಳನ್ನು ಕೆಡಿಸುತ್ತಿರುವುದು ಅವಳ ಮೈಯೊಳಗಿನ ಕಾವಲುಗಾರರೇ ಅಂತೆ!

ನನಗೂ ಅರ್ಥವಾಗಲಿಲ್ಲ.

ತಂಗಿ ಶಿವಲೀಲಾಳನ್ನು ಭಾಲ್ಕಿ ತಾಲ್ಲೂಕಿನ ಭಾತಂಬ್ರಾಕ್ಕೆ ಕೊಟ್ಟಿದ್ದೇವೆ. ಕೆಲ ಕಾಲದಿಂದ ಅವಳ ಬೆರಳುಗಳ ಕೀಲು ಊದಿ, ಬೆಳಗಿನ ಹೊತ್ತು ಮುಷ್ಟಿ ಕಟ್ಟಲೂ ಬಾರದಂತಾಗಿದೆ. ಬೀದರಿನ ಡಾಕ್ಟರು ಗುಳಿಗೆ ಬರೆದುಕೊಟ್ಟರು. ಅವಳ ಅತ್ತೆ ಕಾಶಮ್ಮನವರು ಔರಾದಿನ ತವರಿನಿಂದ ಅಮೃತಬಳ್ಳಿ ತರಿಸಿ ಕಷಾಯ ಕಾಸತೊಡಗಿದರು. ಡಾಕ್ಟರಿಗೂ ಬೇಸರವಾಗಬಾರದು, ಅತ್ತೆಗೂ ಬೇಸರವಾಗಬಾರದು. ಆದ್ದರಿಂದ ಬೆಳಿಗ್ಗೆ ಗುಳಿಗೆ, ಸಂಜೆ ಕಷಾಯ. (ನಮ್ಮ ಕಡೆ ಬೀಗರ ಜಗಳಗಳೂ ಹೀಗೆಯೇ ಇತ್ಯರ್ಥವಾಗುತ್ತವೆ.)

ಇತ್ತೀಚೆಗೆ, ಬೀದರಿನ ಚಿದ್ರಿಯಲ್ಲಿ ನಮ್ಮ ನೆರೆಮನೆಯವಳಾದ ಸಬೀಹಾ ರಜೆಗೆ ಬಂದಿದ್ದಳು. ದೂರದ ಲ್ಯಾಬೊಂದರಲ್ಲಿ ರೋಗನಿರೋಧಕ ಕಣಗಳ ಕುರಿತು ಸಂಶೋಧನೆ ಮಾಡುತ್ತಾಳೆ. ಸೂಕ್ತ ತಿಳಿವಳಿಕೆ ನೀಡಲೆಂದು ನಾನೇ ಅವಳನ್ನು ಭಾತಂಬ್ರಾಕ್ಕೆ ಕರೆದೊಯ್ದೆನು.

“ಮೈಯಾಗ ಕಾವಲು ಕಾಯೋ ಕಣ ಇರ್ತಾವ್ರಿ,” ಎಂದಳು ಸಬೀಹಾ. “ಹೊರಗಿನ ರೋಗ ಬಂದ್ರ ಹೊಡೀಬೇಕು. ಅಕ್ಕನ ಮೈಯಾಗ ಅವು ಮನಿ ಮಂದಿನೇ ಹೊರಗಿನವರಂತ ತಿಳಿದು ಕೀಲಿಗಿ ಹೊಡಿಲತ್ತಾವ.”

“ನಮ್ಮ ಅತ್ತಿಯಂಗ ಅನ್ನು,” ಎಂದಳು ತಂಗಿ. “ನಾ ಈ ಮನಿಗಿ ಬಂದು ಇಷ್ಟ ದಿನ ಆದ್ರೂ ಇನ್ನಾ ಹೊರಗಿನಾಕಿನೇ.”

“ಹೊರಗಿನಾಕಿಗಿ ಕಷಾಯ ಯಾರ ಕಾಸ್ತಾರ? ನಿಮ್ಮಣ್ಣ ಬರ್ತಾನೇನ?” ಕಾಶಮ್ಮನವರು ಬಿಡಲಿಲ್ಲ.

ಸಬೀಹಾ ನಕ್ಕು ಮುಂದುವರಿಸಿದಳು. ಗುಳಿಗೆಯು ಆ ಕಣಗಳನ್ನು ತಡೆದು ನಿಲ್ಲಿಸುತ್ತದೆ. ಕಷಾಯ ಅವುಗಳನ್ನೇ ಕೆರಳಿಸಬಹುದು. ಡಾಕ್ಟರನ್ನು ಕೇಳದೆ ಕುಡಿಯಬಾರದು ಎಂದಳು.

“ಅಂದ್ರ ಗುಳಿಗಿ ಶಕ್ತಿ ಕಮ್ಮಿ ಮಾಡ್ತದ?” ಕಾಶಮ್ಮನವರು ಕೇಳಿದರು.

“ಕಾವಲಿನ ಜೋರು ಕಮ್ಮಿ ಮಾಡ್ತದ್ರಿ ಆಯಿ. ಜ್ವರ ಬಂದ್ರ ಲಗೂನ ಡಾಕ್ಟರಿಗಿ ತೋರಿಸ್ಬೇಕು.”

“ಅವು ಹಿಂಗ ಯಾಕ ತಪ್ಪು ತಿಳೀತಾವ?”

“ಅದೇ ನಾ ಹುಡುಕ್ಲತ್ತೀನ್ರಿ. ಪೂರಾ ಯಾರಿಗೂ ಗೊತ್ತಿಲ್ಲ.”

“ಗೊತ್ತಿಲ್ಲಂದ್ರ ಗುಳಿಗಿ ಹ್ಯಾಂಗ ಕೊಡ್ತಾರವ್ವಾ?”

“ಬೆಂಕಿ ಯಾರು ಹಚ್ಯಾರ ಗೊತ್ತಿಲ್ಲಂತ ನೀರು ಹಾಕದಂಗ ಕೂಡ್ತೀರೇನ್ರಿ?”

ಉತ್ತರ ನನಗೆ ಸಮಂಜಸವೆನಿಸಿತು. ತೃಪ್ತನಾಗಿ ಮರಳಿದೆನು.

ಆಮೇಲೆ ಏನಾಯಿತು ಗೊತ್ತೆ? ಶಕ್ತಿ ಕಮ್ಮಿಯಾದೀತೆಂದು ಹೆದರಿ ತಂಗಿ ಗುಳಿಗೆಯನ್ನೇ ಬಿಟ್ಟಳು! ಕಷಾಯ ನಿಲ್ಲಿಸಲು ಹೋಗಿದ್ದೆವು, ಗುಳಿಗೆ ನಿಂತಿತು. ಅವಳನ್ನಾದರೂ ಹೇಗೆ ದೂಷಿಸಲಿ? ಟಿವಿಯಲ್ಲಿ, ಮೊಬೈಲಿನಲ್ಲಿ, ಕಿರಾಣಿ ಅಂಗಡಿಯಲ್ಲಿ, ಎಲ್ಲೆಡೆಯೂ ಇಮ್ಯುನಿಟಿ ಹೆಚ್ಚಿಸಿಕೊಳ್ಳಿ ಎಂಬ ಒಂದೇ ಮಾತು. ಅದನ್ನು ತಗ್ಗಿಸಲು ಗುಳಿಗೆ ನುಂಗುವವರು ಯಾರಾದರೂ ಇದ್ದಾರೆಯೇ?

ಕೆಲವೇ ದಿನಗಳಲ್ಲಿ ಫೋನ್ ಬಂತು. “ಅಣ್ಣಾ, ಚಹಾದ ಕಪ್ಪ ಹಿಡೀಲಕ್ಕ ಬರವಲ್ದು.” ಅಳುತ್ತಿದ್ದಳು.

ಬೀದರಿಗೆ ಕರೆತಂದೆವು. ಹೀಗೇ ಬಿಟ್ಟರೆ ಬೆರಳುಗಳು ಸೊಟ್ಟಗಾಗಿ ಮತ್ತೆ ನೇರವಾಗಲಾರವು, ಗುಳಿಗೆ ಮತ್ತೆ ಆರಂಭಿಸಿ, ಕಷಾಯ ನಿಲ್ಲಿಸಿ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದರು. ಸರಿ. ಆದರೆ ಕಾಶಮ್ಮನವರಿಗೆ ಹೇಳುವವರು ಯಾರು? ತಂಗಿಗೆ ಧೈರ್ಯವಿಲ್ಲ. ಎರಡು ದಿನ ಬಿಟ್ಟು, ವಾಕ್ಯಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತ ನಾನೇ ಹೋದೆನು.

ಕಾಶಮ್ಮನವರು ಅಂಗಳದಲ್ಲಿ ಕುಳಿತು ಸೊಸೆಯ ತಲೆ ಬಾಚುತ್ತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಹೇಳಿದರು: “ಗುಳಿಗಿ ನಾನೇ ನುಂಗಿಸೀನ್ರಿ. ಹಣಗಿ ಹಿಡೀಲಕ್ಕ ಬರಲ್ದ ಕೈ ನೋಡ್ಲಕ್ಕ ಆಗವಲ್ದು. ಕಷಾಯ ನಾನೇ ಕುಡಿಲತ್ತೀನಿ. ತವರಿನ ಬಳ್ಳಿ, ಚೆಲ್ಲಬೇಕೇನ?”

ಜೋಡಿಸಿಕೊಂಡಿದ್ದ ವಾಕ್ಯಗಳೆಲ್ಲ ವ್ಯರ್ಥವಾದವು.

ನನ್ನ ಗೊಂದಲ ಮಾತ್ರ ಹಾಗೆಯೇ ಉಳಿದಿದೆ. ವರ್ಷಗಟ್ಟಲೆ ಓದಿದವಳು “ಪೂರಾ ಗೊತ್ತಿಲ್ಲ” ಎಂದಳು. ಏನೂ ಓದದ ನಾವೆಲ್ಲ ಎಲ್ಲ ಗೊತ್ತಿದ್ದವರಂತೆ ಸಲಹೆ ಕೊಟ್ಟೆವು. ನಮಗೆ ಭಯ ಹುಟ್ಟಿದ್ದು ಅವಳ ಮಾತಿನಿಂದಲೇ ಏಕೆ?

ಈ ಬರಹದಲ್ಲಿ ಲೋಪದೋಷಗಳು ಕಂಡುಬಂದಲ್ಲಿ ಓದುಗರು ಧಾರಾಳವಾಗಿ ತಿದ್ದಬೇಕಾಗಿ ಕೋರುತ್ತೇನೆ. ತಂಗಿಯ ಗುಳಿಗೆಯನ್ನು ಮಾತ್ರ ಯಾರೂ ತಿದ್ದಬಾರದು.