ಬೀಸದ ಗೋಧಿ

ಮೇಲಿನ ಮಹಡಿಯ ಹುಡುಗಿ ಮೊನ್ನೆ ಗೋಧಿಯ ಇಡಿ ಕಾಳು ಬೇಯಿಸುತ್ತಿದ್ದಳು. ಕಾಳು ಬೆಂದು ಒಡೆಯುವಾಗಿನ ಹೊಟ್ಟಿನ ವಾಸನೆ ಮೆಟ್ಟಿಲಿಳಿದು ಬಂದಾಗ ನಾನು ಪತ್ರಿಕೆಯ ಮೂರನೆಯ ಪುಟದಲ್ಲಿದ್ದೆ. ನಾಲ್ಕನೆಯದಕ್ಕೆ ಹೋಗಲಾಗಲಿಲ್ಲ. ಇದೇ ವಾಸನೆಯನ್ನು ನಾನು ಒಂದು ಕಾಲದಲ್ಲಿ ದ್ವೇಷಿಸುತ್ತಿದ್ದೆ.

ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ವಿಕ್ರೋಳಿಯ ಒಂದು ಕಾರ್ಖಾನೆಯ ಕ್ಯಾಂಟೀನಿಗೆ ನಾನು ಸೂಪರ್‌ವೈಸರ್. ಗಂಟೆ ಹೊಡೆದರೆ ಏಳುವ, ಗಂಟೆ ಹೊಡೆದರೆ ಉಣ್ಣುವ ಬೋರ್ಡಿಂಗ್ ಶಾಲೆಯಲ್ಲಿ ಬೆಳೆದವನು. ಮಲಾಡಿನಿಂದ ಹೊರಟು ದಾದರಿನಲ್ಲಿ ಗಾಡಿ ಬದಲಿಸಿ, ಒಂದು ದಿನವೂ ತಡವಾಗದೆ ಕೆಲಸಕ್ಕೆ ಹಾಜರಾಗುತ್ತಿದ್ದೆ. ಅಲ್ಲಿಯ ಹಿರಿಯ ಅಡುಗೆಯವ ವಿಜಾಪುರದ ಕಡೆಯ ಮುಸಲ್ಮಾನ. ಎಲ್ಲರಿಗೂ ಚಾಚಾ. ಮಹಾಯುದ್ಧದಲ್ಲಿ ಸೈನ್ಯದ ಅಡುಗೆಯವನಾಗಿ ಇಟಲಿಯ ಸಿಸಿಲಿ ದ್ವೀಪಕ್ಕೆ ಹೋಗಿದ್ದನಂತೆ. ಯಾರೋ ಮುದುಕಿಯ ಅಂಗಳದಲ್ಲಿ ಇವರ ಒಲೆ ಹೂಡಿದ್ದರಂತೆ. ಆ ಮುದುಕಿಯ ಸಂತರನ್ನೆಲ್ಲ ಈತ ಹೊತ್ತು ತಂದಿದ್ದ.

ಮಾರ್ಚಿನಲ್ಲಿ ಒಬ್ಬ ಸಂತನ ಹೆಸರಿನಲ್ಲಿ ಮೂವರು ಕಸ ಗುಡಿಸುವವರನ್ನು ಮೇಜಿಗೆ ಕೂರಿಸಿ, ಸಾಹೇಬರಿಗಿಂತ ಮೊದಲು ಬಡಿಸುತ್ತಿದ್ದ. ನವೆಂಬರಿನಲ್ಲಿ ಸತ್ತವರ ಹಬ್ಬಕ್ಕೆಂದು ಎಲುಬಿನ ಆಕಾರದ ಬಿಸ್ಕತ್ತು. ಡಿಸೆಂಬರ್ ಹದಿಮೂರಕ್ಕೆ ಸಾಂತಾ ಲೂಚಿಯಾ, ಕಣ್ಣು ಕಾಯುವ ಸಂತಳು. ಅಂದು ಬೀಸಿದ ಗೋಧಿ ಮುಟ್ಟುವಂತಿಲ್ಲ. ಚಪಾತಿ ಇಲ್ಲ, ಪಾವ್ ಇಲ್ಲ. ಮೂರು ದಿನ ನೆನೆಸಿದ ಕಾಳನ್ನು ಬೇಯಿಸಿ, ಒಡೆದ ಹಾಲು, ಸಕ್ಕರೆ, ಒಣಗಿದ ಕಿತ್ತಳೆ ಸಿಪ್ಪೆ ಕಲಸಿ ತಲೆಗೊಂದು ಸೌಟು ಹಾಕುತ್ತಿದ್ದ. ಎಲ್ಲರೂ ಉಂಡ ಮೇಲೆ ತಾನು ಉಣ್ಣಬೇಕು, ಅಲ್ಲಿಯವರೆಗೆ ರುಚಿ ಕೂಡ ನೋಡಬಾರದು. ಹಿಂದೆ ಆ ದ್ವೀಪದ ಬರಗಾಲದಲ್ಲಿ ಸಂತಳ ದಿನವೇ ಗೋಧಿಯ ಹಡಗು ಬಂತಂತೆ, ಬೀಸುವ ತಾಳ್ಮೆಯಿಲ್ಲದೆ ಜನ ಕಾಳನ್ನೇ ಬೇಯಿಸಿ ತಿಂದರಂತೆ. ಈ ಕಥೆಯನ್ನು ವರ್ಷಕ್ಕೊಮ್ಮೆ ಕೇಳುವುದೂ ನನ್ನ ಕರ್ತವ್ಯದ ಭಾಗವಾಗಿತ್ತು.

ಹಬ್ಬಗಳ ಬಗ್ಗೆ ನನಗೆ ಆಗಲೂ ಗೌರವವಿರಲಿಲ್ಲ, ಈಗಲೂ ಇಲ್ಲ. ನಮ್ಮವೇ ಸಾಲದೆಂದು ಕಡಲಾಚೆಯಿಂದ ಸಾಲ ತಂದವನ ಬಗ್ಗೆ ಇನ್ನೇನು ಹೇಳಲಿ? ನಮ್ಮ ಉತ್ತರ ಕರ್ನಾಟಕದ ಕೂಲಿಗಳಂತೂ ಅದನ್ನು ಹುಗ್ಗಿ ಎಂದು ಕರೆದು ಎರಡೆರಡು ಸಲ ಸಾಲಿನಲ್ಲಿ ನಿಲ್ಲುತ್ತಿದ್ದರು. ಅವರ ಹೊಟ್ಟೆಗೆ ಧರ್ಮವೂ ಇರಲಿಲ್ಲ, ವೇಳಾಪಟ್ಟಿಯೂ ಇರಲಿಲ್ಲ.

"ನಿಮಗೂ ಆ ಸಂತಳಿಗೂ ಏನು ಸಂಬಂಧ?" ಎಂದು ಒಮ್ಮೆ ಕೇಳಿದೆ.

"ದೇವ್ರ ಒಬ್ಬಾಂವ ಅದಾನ್ರಿ ಸಾಹೇಬ್ರ. ಕಣ್ಣ ಎರಡ ಅದಾವ. ಅವಕ್ಕೊಬ್ಬಾಕಿ ಕಾವಲಿರ್ಲಿ ಬಿಡ್ರಿ."



ಆತನಲ್ಲಿ ನಾನು ಮೆಚ್ಚಿದ್ದು ಒಂದೇ. ಆ ಅಡುಗೆಮನೆಯ ಶಿಸ್ತು. ಸೌಟು ಒಂದೇ ಮೊಳೆಗೆ, ಡಬ್ಬಿ ಒಂದೇ ಜಾಗಕ್ಕೆ. ಯಾರಾದರೂ ಚಮಚ ಸರಿಸಿದರೂ ಆತ ಸಿಡುಕುತ್ತಿದ್ದ. ನನ್ನಂಥ ಒಬ್ಬನಾದರೂ ಇಲ್ಲಿದ್ದಾನಲ್ಲ ಎಂದುಕೊಂಡಿದ್ದೆ...

ಅಲ್ಲಿ ನನ್ನ ನಾಲ್ಕನೆಯ ಡಿಸೆಂಬರಿನಲ್ಲಿ ನಾನು ಆದೇಶ ಹೊರಡಿಸಿದೆ. ಹದಿಮೂರಕ್ಕೂ ಚಪಾತಿ ಆಗಬೇಕು. ಆತ ಒಪ್ಪಿದ. ಚಪಾತಿ ಉಳಿದವರು ಮಾಡಲಿ, ಗೋಧಿ ಹೇಗೂ ನೆನೆದಿದೆ ಎಂದ. ಅದೇ ಸಂಜೆ, ಆತ ಹೋದ ಮೇಲೆ, ನಾನು ಡಬ್ಬಿಗಳಿಗೆಲ್ಲ ದೊಡ್ಡಕ್ಷರದ ಚೀಟಿ ಅಂಟಿಸಿ ಅಕಾರಾದಿಯಾಗಿ ಜೋಡಿಸಿದೆ. ಎಲ್ಲವೂ ಒಂದೇ ಅಳತೆಯ ತಗಡಿನ ಡಬ್ಬಿಗಳು. ಆತನ ಕ್ರಮ ಒಳ್ಳೆಯದು, ನನ್ನದು ಇನ್ನೂ ಒಳ್ಳೆಯದು ಎಂಬುದು ನನ್ನ ಎಣಿಕೆ.

ಮರುದಿನ ಮಧ್ಯಾಹ್ನ ಮೊದಲ ಪಂಕ್ತಿಯೇ ಉಗುಳಿತು.

"ಚಾಚಾ, ಹಡಗ ಮುಳುಗಿತ್ತೇನ? ಗೋಧಿ ಸಮುದ್ರದ ನೀರ ಕುಡದೈತಲ್ಲೋ!"

ಎಲ್ಲರೂ ನಕ್ಕರು. ಆತ ಹಂಡೆಯೊಳಗೆ ಬೆರಳದ್ದಿ ನೆಕ್ಕಿದ. ನಂತರ ಗೋಡೆಯ ಕಡೆ ಹೋಗಿ, ಡಬ್ಬಿಗಳನ್ನು ಒಂದೊಂದಾಗಿ ತೆರೆದು ಒಳಗೆ ಕೈಯಿಟ್ಟು ನೋಡಿದ. ನನ್ನ ಚೀಟಿಗಳು ಆತನ ಮೂಗಿನೆದುರಿಗೇ ಇದ್ದವು. ಒಂದನ್ನೂ ಓದಲಿಲ್ಲ. ಓದು ಬಲ್ಲವನು, ನನಗೆ ಗೊತ್ತಿತ್ತು. ಆಗ ತಿಳಿಯಿತು.

ಊಟ ಕೆಟ್ಟಿದ್ದಕ್ಕೆ ನಾನು ವರದಿ ಬರೆಯಲೇಬೇಕಿತ್ತು, ಬರೆದೆ. ಕಾರ್ಖಾನೆಯ ಡಾಕ್ಟರು ಆತನ ಮುಂದೆ ಬೆರಳು ಹಿಡಿದು ಎಷ್ಟು ಎಂದರು. "ಬೆರಳ ಸಪ್ಪಳ ಮಾಡವಲ್ವು ರೀ ಡಾಕ್ಟರಸಾಬ್" ಎಂದ. ಕುದಿಯುವ ಹಂಡೆಗಳ ನಡುವೆ ಕುರುಡನನ್ನು ಇಟ್ಟುಕೊಳ್ಳಲಾಗದು ಎಂದು ಆ ವಾರವೇ ಬಿಡಿಸಿದರು. ಎಷ್ಟು ವರ್ಷಗಳಿಂದ ಹಾಗೆ ನಡೆಸಿದ್ದನೋ... ಕೈ ಒಮ್ಮೆಯೂ ಸುಟ್ಟುಕೊಂಡಿರಲಿಲ್ಲ. ನಾನು ಶಿಸ್ತು ಎಂದುಕೊಂಡದ್ದು ಆತನ ಕಣ್ಣಾಗಿತ್ತು.

ಹೊರಡುವ ದಿನ ನನ್ನ ಮೇಜಿನ ಹತ್ತಿರ ನಿಂತ.

"ಡಬ್ಬಿ ಸರಿಸಿದ್ಯಾರ್ರಿ ಸಾಹೇಬ್ರ?"

"ಆಫೀಸ್ ಆರ್ಡರ್" ಎಂದೆ. ಸುಳ್ಳಲ್ಲ. ಆಫೀಸ್ ಎಂದರೆ ನಾನೇ.

ಆತನ ಮುಖ ಹಗುರಾಯಿತು. "ಹಂಗಾರ ಛಲೋ ಆತ್ರಿ. ನನ್ನ ಕೈನೂ ಮರೀತೇನೋ ಅಂತ ಅಂಜಿದ್ನಿ."

ಊರಿಗೆ ಹೋದನೆಂದು ಯಾರೋ ಹೇಳಿದರು. ನಾನು ವಿಚಾರಿಸಲಿಲ್ಲ. ಮುಂದಿನ ಡಿಸೆಂಬರ್ ಹದಿಮೂರಕ್ಕೆ ಚಪಾತಿ ವೇಳೆಗೆ ಸರಿಯಾಗಿ ಆಯಿತು. ಯಾರೂ ಎರಡನೆಯ ಸಲ ಸಾಲಿನಲ್ಲಿ ನಿಲ್ಲಲಿಲ್ಲ.

ಮೊನ್ನೆ ಮಧ್ಯಾಹ್ನ ಆ ಹುಡುಗಿ ಬಟ್ಟಲು ಹಿಡಿದು ಬಂದಳು. "ಅಂಕಲ್, ಅಜ್ಜಿ ಫೋನ್‌ನಲ್ಲಿ ಹೇಳಿದ್ಹಾಗೆ ಮಾಡ್ದೆ. ಹುಗ್ಗಿ. ಮೀಠಾ ಠೀಕ್ ಇದೆಯಾ ನೋಡಿ."

ತಿಂದೆ. ಬೆಲ್ಲ ಹೆಚ್ಚು, ಕಾಳು ಇನ್ನೂ ಗಟ್ಟಿ. ಮೂರು ದಿನ ನೆನೆಸಬೇಕು ಎಂದೆ. ಯಾರು ಹೇಳಿದರು ಎಂದು ಕೇಳಿದಳು. ಸಿಸಿಲಿಯ ಒಬ್ಬ ಮುದುಕಿ, ವಿಜಾಪುರದ ಒಬ್ಬ ಚಾಚಾ... ಎಲ್ಲಿಂದ ಶುರು ಮಾಡಲಿ? ನನಗಿಂತ ಚೆನ್ನಾಗಿ ಅಡುಗೆಮನೆ ನಡೆಸುತ್ತಿದ್ದವನು ಎಂದಷ್ಟೇ ಹೇಳಿ, ಬಟ್ಟಲು ತೊಳೆದು ವಾಪಸು ಕೊಟ್ಟೆ.