ಹರುಕಾ ನಮ್ಮನೆಯಲ್ಲಿದ್ದ ಚಳಿಗಾಲ

ನಮ್ಮೂರಿಗೂ ಜಪಾನಿನ ಒಂದು ಊರಿಗೂ ಇನ್ನೂ ನಂಟಿದ್ದ ಕಾಲವದು. ಅಡಿಲೇಡ್‌ನ ಗ್ಲೆನೆಲ್ಗ್‌ನಿಂದ ಕಡಲ ದಂಡೆ ಹಿಡಿದು ದಕ್ಷಿಣಕ್ಕೆ ಹೋದರೆ ಸಿಗುವ ಸಣ್ಣ ಊರು ನಮ್ಮದು. ಅವರದು ಮೀನುಗಾರರ ಊರು. ಎರಡಕ್ಕೂ ಸೇರಿ ‘ಸಿಸ್ಟರ್ ಸಿಟಿ’ ಅನ್ನುತ್ತಿದ್ದರು. ಅಮ್ಮ ಮಾತ್ರ ‘ಅಕ್ಕತಂಗಿ ಊರು’ ಅನ್ನುತ್ತಿದ್ದಳು. ಆಗಸ್ಟ್ ಬಂತೆಂದರೆ ನಮಗೆ ಚಳಿ, ಅವರಿಗೆ ಬೇಸಿಗೆ ರಜೆ. ಆಗ ಅಲ್ಲಿಂದ ಒಂದಷ್ಟು ಮಕ್ಕಳು ಬಂದು ನಮ್ಮ ಶಾಲೆಯ ಮಕ್ಕಳ ಮನೆಗಳಲ್ಲಿ ಉಳಿಯುತ್ತಿದ್ದರು.

2014ರಲ್ಲಿ ನಮ್ಮನೆಗೆ ಹರುಕಾ ಬಂದಳು. ಅವಳಿಗೂ ನನ್ನಷ್ಟೇ, ಹನ್ನೊಂದು ವರ್ಷ. ಬಂದವಳೇ ಎರಡೂ ಕೈಯಲ್ಲಿ ಒಂದು ಪೊಟ್ಟಣ ಹಿಡಿದು, ಬಾಗಿ, ಅಮ್ಮನಿಗೆ ಕೊಟ್ಟಳು. ಬಿಚ್ಚಿದರೆ ಒಣಮೀನು. ಮೈಸೂರಿನಲ್ಲಿ ಮೊಟ್ಟೆಯನ್ನೂ ಮುಟ್ಟದೆ ಬೆಳೆದ ಅಮ್ಮ ಉಸಿರು ಬಿಗಿಹಿಡಿದು ನಕ್ಕಳು. ಪೊಟ್ಟಣ ಗ್ಯಾರೇಜಿಗೆ ಹೋಯಿತು. ವಾಸನೆ ಮಾತ್ರ ಅಡುಗೆಮನೆಯಲ್ಲೇ ಉಳಿಯಿತು.

ಹರುಕಾಳಿಗೆ ನಿಂಬೆಹಣ್ಣಿನ ಚಿತ್ರಾನ್ನ ಹಿಡಿಸಿತು. ಕಡಲೆಬೀಜವನ್ನೆಲ್ಲ ಆರಿಸಿ ಕೊನೆಗೆಂದು ತಟ್ಟೆಯಂಚಿಗೆ ಇಟ್ಟುಕೊಳ್ಳುತ್ತಿದ್ದಳು. ನಾನು ಅವಳಿಗೆ ಮನೆಮುಂದೆ ಸೀಮೆಸುಣ್ಣದಲ್ಲಿ ಮನೆ ಬರೆದು ಕುಂಟೆಬಿಲ್ಲೆ ಕಲಿಸಿದೆ. ಅವಳು ನನಗೆ ಬೆರಳುಗಳ ನಡುವೆ ದಾರ ಸುತ್ತಿ ಸೇತುವೆ ಮಾಡುವುದನ್ನು ಕಲಿಸಿದಳು. ಇಬ್ಬರ ಇಂಗ್ಲಿಷೂ ಬೇರೆ ಬೇರೆ ಥರ. ಆದರೂ ಮಾತು ನಿಲ್ಲುತ್ತಿರಲಿಲ್ಲ.

ಒಂದು ದಿನ ಶಾಲೆಯಲ್ಲಿ ದೊಡ್ಡ ಹುಡುಗಿಯೊಬ್ಬಳು ಫೋನ್ ತಂದು ನಮ್ಮಿಬ್ಬರ ಮುಖಕ್ಕೆ ಹಿಡಿದಳು. ಬಂಡೆಗಳ ನಡುವಿನ ಸಮುದ್ರ, ನೀರೆಲ್ಲ ಕೆಂಪು. ಅದರಲ್ಲಿ ಡಾಲ್ಫಿನ್‌ಗಳು ಒದ್ದಾಡುತ್ತಿದ್ದವು. ದಂಡೆಯಿಂದ ಡಾಲ್ಫಿನ್ ಕಂಡರೆ ಊಟ ಬಿಟ್ಟು ಓಡುವವಳು ನಾನು.

“ಇದು ನಿಮ್ಮೂರಾ?” ಎಂದೆ.

ಹರುಕಾ ಹೌದೆಂದು ತಲೆಯಾಡಿಸಿದಳು.

“ನಿಮ್ಮಪ್ಪನೂ ಈ ಬೇಟೆಗೆ ಹೋಗ್ತಾರಾ?”

“ಹೋಗ್ತಾರೆ,” ಅಂದಳು. “ತಾತನೂ ಹೋಗ್ತಿದ್ರು.”

ಮನೆಗೆ ಬಂದವಳೇ ಅಮ್ಮನಿಗೆ ಹೇಳಿದೆ. ಅಮ್ಮ ಒಗ್ಗರಣೆಯ ಸೌಟು ಕೆಳಗಿಟ್ಟು ಒಲೆ ಆರಿಸಿದಳು.

“ಮಧ್ಯಾಹ್ನ ಏನ್ ತಿಂದ್ಳು ಅವ್ಳು?”

“ಏನೂ ತಿನ್ಲಿಲ್ಲ.”

“ಮೊದ್ಲು ಅದನ್ನ ನೋಡೋಣ,” ಎಂದು ತಟ್ಟೆ ಹುಡುಕತೊಡಗಿದಳು.

ವಿಡಿಯೊ ಊರೆಲ್ಲ ಹರಡಿತು. ಈ ನಂಟನ್ನೇ ಕಡಿದುಕೊಳ್ಳಬೇಕೆಂದು ಜನ ಕೌನ್ಸಿಲ್ ಕಚೇರಿಯ ಮುಂದೆ ಸೇರತೊಡಗಿದರು. ಒಂದು ಬೆಳಿಗ್ಗೆ ಎದ್ದು ನೋಡಿದರೆ ನಮ್ಮ ಕುಂಟೆಬಿಲ್ಲೆಯ ಮನೆಗಳ ಮೇಲೆ ಕೆಂಪು ಬಣ್ಣದಲ್ಲಿ ‘ಕೊಲೆಗಾರರು’ ಎಂದು ಬರೆದಿತ್ತು. ಸ್ಯಾಲಿಸ್‌ಬರಿಯ ಕಾರ್ಖಾನೆಗೆ ಹೊರಟಿದ್ದ ಅಪ್ಪ ಇಸ್ತ್ರಿ ಶರ್ಟಿನಲ್ಲೇ ಬಕೆಟ್, ಪೊರಕೆ ಹಿಡಿದು ಉಜ್ಜಿದರು. ಬಣ್ಣ ಹೋಗಲಿಲ್ಲ. ಹರುಕಾ ಕಿಟಕಿಯಲ್ಲಿ ನಿಂತು ನೋಡುತ್ತಿದ್ದಳು.

ಅದೇ ಹೊತ್ತಿಗೆ ಜಪಾನಿನಿಂದ ಬಂದ ಮಕ್ಕಳ ಉಸ್ತುವಾರಿ ನೋಡುತ್ತಿದ್ದ ಲಿನ್ ಆಂಟಿ ಫೋನ್ ಮಾಡಿದರು. ಕೆಲವು ಮನೆಯವರು ಮಕ್ಕಳನ್ನು ಮೋಟೆಲ್‌ಗೆ ಕಳಿಸಿದ್ದಾರೆ, ನೀವೂ ಕಳಿಸಬಹುದು ಅಂದರು.

“ಕಳ್ಸೋದೇ ಒಳ್ಳೇದೇನೋ,” ಅಪ್ಪ ತಗ್ಗಿದ ದನಿಯಲ್ಲಿ ಅಂದರು. “ನಾವು ಇನ್ನೂ ಸಿಟಿಜನ್ ಆಗಿಲ್ಲ. ಊರೋರನ್ನ ಎದುರು ಹಾಕ್ಕೊಂಡು ಹೇಗೆ ಬದುಕೋದು?”

“ರೀ, ಆ ಮಗು ನಮ್ಮನೇಲಿ ಅನ್ನ ತಿಂದಿದೆ. ಈಗ ಯಾವ ಮುಖ ಇಟ್ಕೊಂಡು ಹೋಗು ಅನ್ನಲಿ?”

ಅಪ್ಪ ಮತ್ತೆ ಪೊರಕೆ ತೆಗೆದುಕೊಂಡರು.

ಬೀಳ್ಕೊಡುಗೆಯ ಸಂಜೆ ಊರಿನ ಹಾಲ್‌ನಲ್ಲಿ ಮಕ್ಕಳ ಹಾಡಿತ್ತು. ಕಾರಿಳಿದರೆ ಬಾಗಿಲವರೆಗೂ ಜನ, ಕೆಂಪು ಬಳಿದ ಫಲಕಗಳು. ಹರುಕಾ ನೀಲಿ ಹೂವಿನ ಕಿಮೊನೊ ಉಟ್ಟಿದ್ದಳು. ಅವಳ ಒಂದು ಕೈ ಅಮ್ಮ ಹಿಡಿದಿದ್ದಳು, ಇನ್ನೊಂದು ನಾನು. ಅವಳ ಕೈ ಬೆವರಿ ನನ್ನ ಕೈಯಿಂದ ಜಾರುತ್ತಿತ್ತು. ಅಪ್ಪ ಹಿಂದೆಯೇ ಬರುತ್ತಿದ್ದರು.

ಬಾಗಿಲಿಗೆ ಅಡ್ಡವಾಗಿ ನಿಂತಿದ್ದವರು ಗ್ರೆಗ್ ಅಂಕಲ್. ನನಗೆ ಸಮುದ್ರದಲ್ಲಿ ಈಜು ಕಲಿಸಿದವರು. ಅವರ ಕಣ್ಣು ಕೆಂಪಾಗಿತ್ತು.

“ಇವಳಪ್ಪ ಏನು ಮಾಡ್ತಾನೆ ಗೊತ್ತಾ ನಿಮಗೆ?” ಎಂದು ಅಮ್ಮನನ್ನು ಕೇಳಿದರು.

ಅಮ್ಮ ತನ್ನ ತಡವರಿಸುವ ಇಂಗ್ಲಿಷಿನಲ್ಲೇ ಹೇಳಿದಳು: “ಗೊತ್ತು. ನನಗೂ ಅದು ಸರಿ ಅನ್ನಿಸೋದಿಲ್ಲ. ಆದರೆ ಇದು ಮಗು. ದಾರಿ ಬಿಡಿ.”

ಹಿಂದಿನಿಂದ ಯಾರೋ ಬಾಟಲಿ ಬೀಸಿದರು. ಕೆಂಪು ನೀರು ಅಮ್ಮನ ಕುತ್ತಿಗೆ, ಹೆಗಲು, ರೇಷ್ಮೆ ಸೀರೆಯ ಮೇಲೆಲ್ಲ ಸುರಿಯಿತು. ಅಮ್ಮ ಹರುಕಾಳ ಕೈ ಬಿಡಲಿಲ್ಲ. ಗ್ರೆಗ್ ಅಂಕಲ್ ಗುಂಪಿನ ಕಡೆ ತಿರುಗಿ, “ಸಾಕು,” ಎಂದು ಎರಡೂ ತೋಳು ಚಾಚಿ ಜನರನ್ನು ಹಿಂದೆ ತಳ್ಳಿದರು. ನಾವು ಒಳಗೆ ಹೋದೆವು. ಅವರು ಬರಲಿಲ್ಲ.

ಅರ್ಧಕ್ಕರ್ಧ ಕುರ್ಚಿ ಖಾಲಿಯಿದ್ದವು. ಹರುಕಾ ವೇದಿಕೆ ಹತ್ತುವ ಮೊದಲು ಕಿಮೊನೊದ ತೋಳಿನಿಂದ ಅಮ್ಮನ ಕುತ್ತಿಗೆ ಒರೆಸಿದಳು. ಬೇಡವೆಂದರೂ ಕೇಳಲಿಲ್ಲ. ಆ ಕಲೆ ಹೊತ್ತುಕೊಂಡೇ ಹಾಡಿದಳು. ಹೊರಗಿನ ಘೋಷಣೆಯ ನಡುವೆ ಮಕ್ಕಳ ದನಿ ನಡುಗುತ್ತಿತ್ತು. ಆದರೆ ಹಾಡು ಮುಗಿಯುವವರೆಗೂ ಯಾರೂ ನಿಲ್ಲಿಸಲಿಲ್ಲ.

ವಿಮಾನ ನಿಲ್ದಾಣದಲ್ಲಿ ಅವಳು ಬಾಗಿ ನಮಸ್ಕರಿಸಿ, ಅಮ್ಮನ ಬಾಯಲ್ಲಿ ದಿನಾ ಕೇಳಿ ಕಲಿತಿದ್ದ ಒಂದೇ ಒಂದು ಕನ್ನಡ ವಾಕ್ಯ ಹೇಳಿದಳು: “ಊಟ ಆಯ್ತಾ?” ಅಷ್ಟು ದಿನ ಗಟ್ಟಿಯಾಗಿದ್ದ ಅಮ್ಮ ಅಲ್ಲಿ ಅತ್ತುಬಿಟ್ಟಳು.

ಆ ತಿಂಗಳೇ ಕೌನ್ಸಿಲ್ ನಂಟು ಮುರಿಯಿತು. ಹರುಕಾಳ ಇಮೇಲ್‌ಗಳು ಒಂದು ವರ್ಷ ಬಂದವು, ಆಮೇಲೆ ನಿಂತವು. ನಮ್ಮೂರಿನ ಈಗಿನ ಮಕ್ಕಳಿಗೆ ಆ ಊರೆಂದರೆ ಫೋನಿನೊಳಗಿನ ಕೆಂಪು ನೀರು, ಅಷ್ಟೇ. ಅಲ್ಲಿನ ಮಕ್ಕಳಿಗೆ ನಾವು ಏನೋ, ಊಹಿಸಲು ಭಯವಾಗುತ್ತದೆ.

ಆ ಬೇಟೆ ತಪ್ಪೆಂದು ನಾನು ಇಂದಿಗೂ ನಂಬುತ್ತೇನೆ. ಅದರ ವಿರುದ್ಧ ಸಹಿಯನ್ನೂ ಹಾಕುತ್ತೇನೆ. ಅಲ್ಲಿ ಬೇಟೆ ನಿಂತಿಲ್ಲ. ನಿಂತದ್ದು ಮಕ್ಕಳು ಬರುವುದು ಮಾತ್ರ.