ಬ್ರೇಕಿನ ಗಾಳಿ ತೆಗೆದ ದಿನ

ಅದು 1984ರ ಬೇಸಿಗೆ. ಕುರುಗೋಡಿನ ನಮ್ಮ ಮನೆಯ ಅಂಗಳದಲ್ಲಿ ಜೀಪೊಂದು ಒಂದು ವರ್ಷದಿಂದ ನಿಂತಲ್ಲೇ ನಿಂತಿತ್ತು. ನಮ್ಮನೆಯವರು ತೀರಿಕೊಂಡೂ ಅಷ್ಟೇ ದಿನವಾಗಿತ್ತು. ಮನೆಯಲ್ಲಿ ಉಳಿದವರು ನಾನು ಮತ್ತು ನಮ್ಮತ್ತೆ, ಇಬ್ಬರೇ. ಇಬ್ಬರ ನಡುವೆ ಜಗಳವೇನೂ ಆಗಿರಲಿಲ್ಲ, ಆದರೆ ಮಾತು ನಿಂತುಹೋಗಿತ್ತು. ಅವರು ರೊಟ್ಟಿ ಬಡಿದಿಟ್ಟರೆ ನಾನು ತಿನ್ನುತ್ತಿದ್ದೆ, ನಾನು ನೀರು ಕಾಯಿಸಿಟ್ಟರೆ ಅವರು ಸ್ನಾನ ಮಾಡುತ್ತಿದ್ದರು. ದಿನಕ್ಕೆ ಹತ್ತು ಮಾತು ಆಡಿದರೆ ಅದೇ ಹೆಚ್ಚು.

ಆ ಜೀಪು ಮಿಲಿಟರಿ ಹರಾಜಿನದು. ಸಿರಿಗೇರಿ ಹತ್ತಿರದ ಹೊಲಕ್ಕೆ ಹೋಗಲು, ಮದುವೆ ಮುಂಜಿಗೆ ಮನೆಮಂದಿಯನ್ನೆಲ್ಲ ತುಂಬಿಕೊಂಡು ಓಡಾಡಲು ಅದೇ. ನಾಲ್ಕೂ ಚಕ್ರಕ್ಕೆ ಎಳೆತ ಇದ್ದದ್ದರಿಂದ ಎರೆಹೊಲದ ಕೆಸರಲ್ಲೂ ಸಿಕ್ಕಿಬೀಳುತ್ತಿರಲಿಲ್ಲ. ಆದರೆ ಪೆಟ್ರೋಲು ಕುಡಿದು ಮನೆ ತೊಳೆಯುತ್ತಿತ್ತು. ಅದರ ಎಂಜಿನ್ ಇಳಿಸಿ ಡೀಸೆಲ್ ಎಂಜಿನ್ ಕೂಡಿಸುತ್ತೇನೆ, ಅದೂ ಮನೆಯಲ್ಲೇ, ಎಂದು ನಮ್ಮನೆಯವರು ಹಟ ಹಿಡಿದರು. ಬಳ್ಳಾರಿಯ ಮೆಕ್ಯಾನಿಕ್ ಖಾದರ್ ಸಾಬರು ಅವರಿಗೆ ಗುರು. ಅಂಗಳದ ಬೇವಿನ ಕೊಂಬೆಗೆ ಸರಪಳಿ ಕಟ್ಟಿ ಹಳೆ ಎಂಜಿನ್ ಎತ್ತಿದರು. ಹೊಸದಕ್ಕೂ ಗೇರ್ ಬಾಕ್ಸಿಗೂ ಹೊಂದುವ ಕಬ್ಬಿಣದ ತಟ್ಟೆಯನ್ನು ಲೇತ್ ಅಂಗಡಿಯಲ್ಲಿ ಮೂರು ಸಲ ಕಡೆಸಿದರು. ಡೀಸೆಲ್ ಎಂಜಿನ್ನಿನ ಭಾರ ಹೆಚ್ಚೆಂದು ಮುಂದಿನ ಕಮಾನುಪಟ್ಟಿ ಬದಲಿಸಿದರು, ಬ್ರೇಕಿಗೆ ಹೊಸ ಪೈಪು ಎಳೆದರು. ಎಂಟು ತಿಂಗಳು ನಡೆಯಿತು ಈ ಸಂಭ್ರಮ. ಉಣ್ಣಲು ಕೂತರೆ ಅದರದೇ ಮಾತು, ಮಲಗಿದರೆ ಅದರದೇ ಕನವರಿಕೆ. ಜೀಪಲ್ಲ, ನನಗೊಂದು ಸವತಿ ಎಂದು ನಾನು ಬಂದವರ ಮುಂದೆಲ್ಲ ಚೇಷ್ಟೆ ಮಾಡುತ್ತಿದ್ದೆ.

ಹಾಗೆಂದು ನಾನು ದೂರ ನಿಂತವಳಲ್ಲ. ತೆಕ್ಕಲಕೋಟೆ ಕಡೆಯ ಕಾಲುವೆ ದಂಡೆಯ ಮೇಲೆ ಅವರು ನನಗೆ ಗಾಡಿ ಓಡಿಸುವುದನ್ನೂ ಕಲಿಸಿದ್ದರು. ಬ್ರೇಕಿನ ಕೆಲಸಕ್ಕಂತೂ ನಾನೇ ಬೇಕಿತ್ತು. ಬ್ರೇಕಿನ ಪೈಪಿನಲ್ಲಿ ಎಣ್ಣೆಯ ಜೊತೆ ಗಾಳಿ ಸೇರಿದ್ದರೆ ಪೆಡಲು ಸುಮ್ಮನೆ ಕೆಳಗೆ ಇಳಿಯುತ್ತದೆ, ಗಾಡಿ ನಿಲ್ಲುವುದಿಲ್ಲ. ಆ ಗಾಳಿ ತೆಗೆಯಲು ಇಬ್ಬರು ಬೇಕು. ಒಬ್ಬರು ಸೀಟಿನಲ್ಲಿ ಕೂತು ಪೆಡಲು ತುಳಿದು ಹಿಡಿಯಬೇಕು. ಇನ್ನೊಬ್ಬರು ಕೆಳಗೆ ಮಲಗಿ, ಚಕ್ರದ ಹಿಂದಿನ ಸಣ್ಣ ನಿಪ್ಪಲ್ ಸಡಿಲಿಸಿ, ಗಾಳಿ ಹೊರಬಿಟ್ಟು ಮತ್ತೆ ಬಿಗಿಯಬೇಕು. ‘ತುಳಿ, ಹಿಡಿ, ಬಿಡು’ ಎಂದು ಅವರು ಕೆಳಗಿನಿಂದ ಕೂಗಿದಂತೆ ನಾನು ಮೇಲೆ ಕಾಲಾಡಿಸುತ್ತಿದ್ದೆ.

ಎಲ್ಲ ಮುಗಿದು ಹೊಸ ಪೈಪಿನ ಗಾಳಿ ತೆಗೆಯುವುದೊಂದೇ ಬಾಕಿ ಉಳಿದಿದ್ದ ಸಂಜೆ ಅವರು ನನ್ನನ್ನು ಕರೆದರು. ಅಂದು ಮಧ್ಯಾಹ್ನ ತವರಿಗೆ ಹೋಗುವ ವಿಷಯಕ್ಕೆ ನಮ್ಮಲ್ಲಿ ಮಾತಿಗೆ ಮಾತು ಬೆಳೆದಿತ್ತು. ನಾನು ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಕೂತಿದ್ದವಳು, ತಲೆ ಎತ್ತದೆ, ಇವತ್ತು ಆಗುವುದಿಲ್ಲ, ನಾಳೆ ನೋಡೋಣ ಎಂದುಬಿಟ್ಟೆ. ಅವರು ಮತ್ತೆ ಕೇಳಲಿಲ್ಲ.

ಬೆಳಗಾಗುವಷ್ಟರಲ್ಲಿ ಅವರಿಗೆ ಹೊಟ್ಟೆನೋವು ತಡೆಯಲಾರದಷ್ಟಾಗಿತ್ತು. ಎಂಜಿನ್ ತಯಾರಿತ್ತು, ಓಡಿಸಲು ನಾನಿದ್ದೆ, ಗಾಡಿಗೆ ಬ್ರೇಕ್ ಇರಲಿಲ್ಲ. ಮೊದಲ ಬಸ್ಸು ಹೋಗಿಬಿಟ್ಟಿತ್ತು. ಒಂದು ಲಾರಿ ಸಿಕ್ಕಿ ಬಳ್ಳಾರಿಯ ಆಸ್ಪತ್ರೆ ಮುಟ್ಟಿದಾಗ ಮಧ್ಯಾಹ್ನ. ಹೊಟ್ಟೆಯೊಳಗೆ ಕರುಳಿನ ತುದಿ ಒಡೆದು ವಿಷವಾಗಿದೆ, ಒಂದೆರಡು ತಾಸು ಮೊದಲು ತಂದಿದ್ದರೆ ನೋಡಬಹುದಿತ್ತು ಎಂದರು ಡಾಕ್ಟರು. ಮೂರನೆಯ ದಿನ ಅವರು ಹೋದರು. ಆ ಸಂಜೆಯ ನನ್ನ ಮಾತನ್ನು ನಾನು ಯಾರಿಗೂ ಹೇಳಲಿಲ್ಲ. ಹೇಳಲು ಬಾಯಿಯಾದರೂ ಎಲ್ಲಿತ್ತು? ಅತ್ತೆಗೆ ಹೇಗೋ ಗೊತ್ತಾಗಿದೆ, ಅದಕ್ಕೇ ನನ್ನ ಮುಖ ನೋಡುವುದಿಲ್ಲ ಎಂದುಕೊಂಡು ವರ್ಷ ಕಳೆದೆ.

ವರ್ಷದ ಕಾರ್ಯ ಮುಗಿದ ಮೇಲೆ ಅತ್ತೆ, ಸಿರುಗುಪ್ಪದಲ್ಲಿದ್ದ ನನ್ನ ಮೈದುನ ಶೇಖರನಿಗೆ ಹೇಳಿಕಳಿಸಿದರು: ಈ ಗಾಡಿ ನನ್ನ ಕಣ್ಣಮುಂದೆ ಇರಬಾರದು. ಬರುವ ಭಾನುವಾರ ಗುಜರಿಯವರನ್ನು ಕರೆತಂದು ಮುರಿಸುತ್ತೇನೆಂದು ಶೇಖರ ತಿಳಿಸಿದ. ಆಗ ನನಗೊಂದು ಹುಚ್ಚು ಹತ್ತಿತು. ಮುರಿಯುವ ಮೊದಲು ನಾನು ಒಂದು ಸಂಗತಿ ತಿಳಿಯಬೇಕಿತ್ತು. ಅವತ್ತು ಗಾಳಿ ತೆಗೆದಿದ್ದರೆ ಬ್ರೇಕು ಹಿಡಿಯುತ್ತಿತ್ತೇ? ಪೈಪಿನಲ್ಲೋ ರಬ್ಬರಿನಲ್ಲೋ ಬೇರೆ ದೋಷವಿದ್ದು ಹಿಡಿಯದೇ ಹೋಗಿದ್ದರೆ, ನಾನು ಕಾಲು ಕೊಟ್ಟರೂ ಅಷ್ಟೇ, ಕೊಡದಿದ್ದರೂ ಅಷ್ಟೇ. ಹಿಡಿಯುವಂತಿದ್ದರೆ ಆ ಜೀವ ಹೋದದ್ದು ನನ್ನಿಂದ. ಬ್ರೇಕು ಕೆಟ್ಟಿರಲಿ ಎಂದು ದೇವರಿಗೆ ಕೈ ಮುಗಿದವಳು ಪ್ರಪಂಚದಲ್ಲಿ ನಾನೊಬ್ಬಳೇ ಇರಬೇಕು.

ಶುಕ್ರವಾರ ಬಳ್ಳಾರಿಗೆ ಹೋಗಿ ಖಾದರ್ ಸಾಬರನ್ನು ಕರೆದೆ. ಅವರು ಅಂಗಡಿಯ ಮುಂದೆ ಸ್ಟೂಲು ಹಾಕಿ ಕೂಡಿಸಿ, ಚಹಾ ತರಿಸಿ, ತಲೆ ತಗ್ಗಿಸಿದರು.

“ಅಕ್ಕಾರ, ತಪ್ಪು ತಿಳಕೋಬ್ಯಾಡ್ರಿ. ಗಂಡಸಿಲ್ಲದ ಮನಿಗಿ ನಾ ಬಂದು ಕೆಲಸ ಮಾಡಿದ್ರ ಊರು ಸುಮ್ನಿರಂಗಿಲ್ಲ. ನನಗೇನಾಕ್ಕೈತಿ? ಮಾತು ಬರೋದು ನಿಮಗ.”

ಅವರು ಹೇಳಿದ್ದು ನಿಜವೇ ಆಗಿತ್ತು. ಒಂದು ಡಬ್ಬಿ ಬ್ರೇಕ್ ಎಣ್ಣೆ, ಒಂದು ಸ್ಪ್ಯಾನರು, ಒಂದು ರಬ್ಬರ್ ನಳಿಗೆ ಕಾಗದದಲ್ಲಿ ಸುತ್ತಿಕೊಟ್ಟರು. ಪೆಡಲಿಗೆ ಅತಿ ದೂರದ ಚಕ್ರದಿಂದ ಶುರು ಮಾಡಿ ಹತ್ತಿರದ್ದಕ್ಕೆ ಬರಬೇಕು, ನಿಪ್ಪಲ್‌ಗೆ ಸಿಕ್ಕಿಸಿದ ನಳಿಗೆಯ ಇನ್ನೊಂದು ತುದಿ ಬಾಟಲಿಯ ಎಣ್ಣೆಯಲ್ಲಿ ಮುಳುಗಿರಬೇಕು, ಗುಳ್ಳೆ ನಿಲ್ಲುವ ತನಕ ಬಿಡಬಾರದು ಎಂದು ಎರಡೆರಡು ಸಲ ಹೇಳಿದರು. ಪೆಡಲಿಗೆ ಯಾರು ಎಂದು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಶನಿವಾರ ಬೆಳಿಗ್ಗೆ ಹಳೆ ಸೀರೆಯ ಕಚ್ಚೆ ಹಾಕಿ ಜೀಪಿನ ಕೆಳಗೆ ತೂರಿದೆ. ಪೆಡಲಿನ ಮೇಲೆ ರುಬ್ಬುವ ಗುಂಡುಕಲ್ಲು ಇಟ್ಟಿದ್ದೆ. ನಾನು ನಿಪ್ಪಲ್ ಸಡಿಲಿಸಿದ ಕೂಡಲೇ ಪೆಡಲು ಕುಸಿಯಿತು, ಕಲ್ಲು ಧಡ್ ಎಂದು ಉರುಳಿತು, ಹಗುರಾದ ಪೆಡಲು ಮೇಲೆದ್ದು ಹೊರಗಿನ ಗಾಳಿಯನ್ನೇ ಒಳಗೆಳೆದುಕೊಂಡಿತು. ಮತ್ತೆ ಮೇಲೆ ಹತ್ತಿದೆ, ಕಲ್ಲು ಇಟ್ಟೆ, ಕೆಳಗಿಳಿದೆ. ಎಷ್ಟು ಸಲ ಹತ್ತಿ ಇಳಿದೆನೋ ಲೆಕ್ಕವಿಲ್ಲ. ಡಬ್ಬಿಯ ಎಣ್ಣೆ ಅರ್ಧಕ್ಕೆ ಬಂತು. ಆಗ ನನ್ನ ಅಡುಗೆಮನೆ ಬುದ್ಧಿ ಅಡ್ಡ ಬಂತು. ಬಜಿ ಕರಿದ ಎಣ್ಣೆಯನ್ನು ಚೆಲ್ಲುತ್ತೇವೆಯೇ? ಬಾಟಲಿಗೆ ಬಂದ ಎಣ್ಣೆಯನ್ನು ಬಟ್ಟೆಯಲ್ಲಿ ಸೋಸಿ ಮತ್ತೆ ಸೀಟಿನ ಮುಂದಿನ ಬ್ರೇಕ್ ಎಣ್ಣೆಯ ಕುಡಿಕೆಗೆ ಸುರಿದೆ. ಸೋಸಿದ ಎಣ್ಣೆಯ ತುಂಬ ಕಣ್ಣಿಗೆ ಕಾಣದ ನೊರೆ ಇರುತ್ತದೆಂದು ಯಾರಿಗೆ ಗೊತ್ತಿತ್ತು? ತೆಗೆದ ಗಾಳಿಯನ್ನೆಲ್ಲ ನನ್ನ ಕೈಯಾರೆ ಮತ್ತೆ ತುಂಬಿದ್ದೆ. ಮಧ್ಯಾಹ್ನದ ಹೊತ್ತಿಗೆ ಪೆಡಲು ಮೊದಲಿಗಿಂತ ಮೆತ್ತಗಾಗಿತ್ತು. ಬಿಸಿಲು ಸುಡುತ್ತಿತ್ತು. ಜೀಪಿನ ಕೆಳಗೆ ಅಂಗಾತ ಬಿದ್ದುಕೊಂಡು ಬಾಯಿಗೆ ಸೆರಗು ಒತ್ತಿ ಅತ್ತುಬಿಟ್ಟೆ. ಇಡೀ ಊರಲ್ಲಿ ಒಂದು ಕಾಲು ಕೇಳಲು ನನಗೊಬ್ಬರಿರಲಿಲ್ಲ.

ಅಷ್ಟರಲ್ಲಿ ಗಾಡಿ ಒಂದು ಬದಿಗೆ ವಾಲಿತು. ಯಾರೋ ಸೀಟಿಗೆ ಹತ್ತುತ್ತಿದ್ದರು. ಮೊದಲು ಅತ್ತೆಯ ಸೀರೆಯ ಅಂಚು ಕಂಡಿತು, ಆಮೇಲೆ ನರಳಾಟ ಕೇಳಿತು. ಮೊಣಕಾಲು ನೋವಿನಿಂದ ಹೊಸ್ತಿಲು ದಾಟಲೂ ಗೋಡೆ ಹಿಡಿಯುತ್ತಿದ್ದವರು ಅವರು.

“ಏನ್ ಮಾಡಬೇಕು ಹೇಳು,” ಎಂದರು.

ಡಬ್ಬಿಯಲ್ಲಿ ಉಳಿದಿದ್ದ ಹೊಸ ಎಣ್ಣೆಯನ್ನು ಕುಡಿಕೆಗೆ ಸುರಿದು ಮತ್ತೆ ಕೆಳಗೆ ಮಲಗಿ, ತುಳೀರಿ, ಹಿಡೀರಿ, ಬಿಡ್ರಿ ಎಂದು ಹೇಳುತ್ತ ಹೋದೆ. ಅತ್ತೆ ಒಂದು ಸಲವೂ ತಪ್ಪಲಿಲ್ಲ. ವರ್ಷದಲ್ಲಿ ನಾವು ಅಷ್ಟು ಹೊತ್ತು ಮಾತಾಡಿದ್ದು ಅದೇ ಮೊದಲು, ಅದೂ ಮೂರೇ ಮಾತು. ಒಂದು ಚಕ್ರ, ಎರಡು, ಮೂರು. ಬಾಟಲಿಯಲ್ಲಿ ಗುಳ್ಳೆ ಕಡಿಮೆಯಾಗುತ್ತ ಬಂದಂತೆ ನನ್ನ ಎದೆ ಭಾರವಾಗುತ್ತ ಹೋಯಿತು. ನಾಲ್ಕನೆಯ ನಿಪ್ಪಲ್ ಬಿಗಿದು ತುಳೀರಿ ಎಂದಾಗ ಅತ್ತೆ ಮೇಲಿನಿಂದ, “ಕಲ್ಲಿನಂಗ ನಿಂತೈತಿ, ಕೆಳಗ ಹೋಗವಲ್ದು” ಎಂದರು.

ಬ್ರೇಕು ಹಿಡಿದಿತ್ತು. ಎಲ್ಲಿಯೂ ಒಂದು ಹನಿ ಸೋರಲಿಲ್ಲ. ನಮ್ಮನೆಯವರ ಕೆಲಸದಲ್ಲಿ ದೋಷವೇ ಇರಲಿಲ್ಲ. ನಾನು ಹೊರಗೆ ಬಂದು ಮಣ್ಣಲ್ಲೇ ಕೂತು, ವರ್ಷದಿಂದ ನುಂಗಿಕೊಂಡಿದ್ದನ್ನು ಹೇಳಿಬಿಟ್ಟೆ.

“ಅತ್ತಿ, ಅವತ್ತು ಸಂಜಿಗಿ ಅವ್ರು ಇದಕ್ಕ ನನ್ನ ಕರದಿದ್ರು. ನಾ ಸಿಟ್ಟಿನಾಗ ಆಗಂಗಿಲ್ಲ ಅಂದೆ.”

ಅತ್ತೆಯ ಕಾಲು ಇನ್ನೂ ಪೆಡಲಿನ ಮೇಲೇ ಇತ್ತು.

“ನಿನ್ನ ಕೇಳಿದ ಮ್ಯಾಲೆ ನನ್ನ ಹತ್ರ ಬಂದಿದ್ದ,” ಎಂದರು. “ಅವ್ವಾ, ಒಂದೀಟು ಕಾಲು ಕೊಡು ಬಾ ಅಂದ. ಮೊಣಕಾಲು ಹಿಡಕೊಂಡಾವ, ನಾಳಿಗಿ ನೋಡೂಣು ಹೋಗು ಅಂದೆ. ವರ್ಷಾತು, ನಿನ್ನ ಮುಖ ನೋಡಾಕ ನನಗ ಧೈರ್ಯ ಇಲ್ಲ.”

ನಾನು ಎದ್ದು ಅವರ ಕಾಲನ್ನು ಎರಡೂ ಕೈಯಲ್ಲಿ ಹಿಡಿದು ಪೆಡಲಿನಿಂದ ಇಳಿಸಿದೆ. ಆಮೇಲೆ ಇಬ್ಬರೂ ಅಲ್ಲೇ ಅತ್ತೆವು.

ಮರುದಿನ ಬಂದ ಗುಜರಿಯವರನ್ನು ಅತ್ತೆಯೇ ವಾಪಸ್ ಕಳಿಸಿದರು. ಮುಂದಿನ ತಿಂಗಳು ಬ್ಯಾಟರಿ ಹಾಕಿಸಿ, ಸಿರಿಗೇರಿಯ ಒಬ್ಬ ರೈತರಿಗೆ ಜೀಪು ಮಾರಿದೆವು. ಅಲ್ಲಿಯವರೆಗೆ ನಾನೇ ಓಡಿಸಿಕೊಂಡು ಹೋದೆ, ಪಕ್ಕದಲ್ಲಿ ಅತ್ತೆ ಕೂತಿದ್ದರು. ಅದಾದ ಮೇಲೆ ಹನ್ನೊಂದು ವರ್ಷ ನಾವಿಬ್ಬರೂ ಒಟ್ಟಿಗೇ ಉಂಡೆವು. ಆ ವಿಷಯ ಮತ್ತೆ ಎತ್ತಲಿಲ್ಲ.

ತಪ್ಪು ನನ್ನೊಬ್ಬಳದಲ್ಲ ಎಂದು ಗೊತ್ತಾದ ದಿನ ನನ್ನ ಎದೆ ಸ್ವಲ್ಪ ಹಗುರಾಯಿತು, ಸುಳ್ಳೇಕೆ ಹೇಳಲಿ. ಆದರೆ ನಮ್ಮನೆಯವರನ್ನು ನೆನೆದರೆ ಸಂಕಟ ಇಮ್ಮಡಿಯಾಗಿದೆ. ನನ್ನ ಹತ್ತಿರದಿಂದ ಎದ್ದು ಹೋಗಿ, ಹೆತ್ತ ತಾಯಿಯಿಂದಲೂ ‘ನಾಳೆ’ ಎಂದೇ ಕೇಳಿಸಿಕೊಂಡು, ಅವರೊಬ್ಬರೇ ಅಂಗಳಕ್ಕೆ ಮರಳಿದ್ದರು. ಆ ರಾತ್ರಿ ನಮ್ಮಿಬ್ಬರ ನಡುವೆ ಊಟಕ್ಕೆ ಕೂತವರು ನನಗೂ ಏನೂ ಅನ್ನಲಿಲ್ಲ, ತಾಯಿಗೂ ಏನೂ ಅನ್ನಲಿಲ್ಲ.